ಕೆಂಪಾಗೋಕೆ ಮುಂಚೆ

ಇವತ್ತೂ ಲ್ಯಾಬಿನ ಫ್ಲಾಸ್ಕ್‌ನಲ್ಲಿದ್ದದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಮೂರನೇ ಸಲ. ನನಗೆ ಬೇಕಿದ್ದದ್ದು ಬಣ್ಣವಿಲ್ಲದ ಅಮಡೋರಿ ಸಂಯುಕ್ತ. 1912ರಲ್ಲಿ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ವಿವರಿಸಿದರಲ್ಲ, ಹುರಿದ ತಿಂಡಿಗೆ ಕೆಂಪು ಬಣ್ಣ, ಘಮ ಕೊಡುವ ಸಕ್ಕರೆ ಮತ್ತು ಅಮೈನೊ ಆಮ್ಲದ ಆ ಕ್ರಿಯೆ, ಅದರ ನಡುದಾರಿಯಲ್ಲಿ ಸಿಗುವ ಸರಕು. ಬಿಸಿ ಹೆಚ್ಚಾದರೆ ಮುಂದಕ್ಕೆ ಓಡಿಬಿಡುತ್ತೆ, ಕಡಿಮೆಯಾದರೆ ಹುಟ್ಟೋದಕ್ಕೇ ಸತಾಯಿಸುತ್ತೆ.

ಬೇಜಾರಲ್ಲಿ ತುಮಕೂರಿನ ಮನೆಗೆ ಬಂದರೆ ಅಮ್ಮ ಬಾಣಲೆಯಲ್ಲಿ ಪಾವಗಡದ ಕಡಲೆಬೀಜ ಹುರೀತಿದ್ದಳು. ಮೊದಮೊದಲು ಏನೂ ಆಗಲ್ಲ, ಬರೀ ಹಸಿ ವಾಸನೆ. ತೇವ ಆರಿದ ಮೇಲೆ ಸಿಪ್ಪೆ ಚಟಪಟ ಅನ್ನುತ್ತೆ, ಹಿಂದೆಯೇ ಘಮ್ಮಂತ ವಾಸನೆ. ಆಗ ಹೊಳೀತು. ನೀರು! ಸಕ್ಕರೆಯೂ ಅಮೈನೊ ಆಮ್ಲವೂ ಕೂಡುವಾಗ ಒಂದು ನೀರಿನ ಅಣು ಹೊರಬೀಳುತ್ತೆ, ಸುತ್ತ ನೀರಿದ್ದರೆ ಕೂಡಿದ್ದು ಮತ್ತೆ ಬಿಡಿಸಿಕೊಳ್ಳುತ್ತೆ. ನಾನೋ ಎರಡನ್ನೂ ನೀರಲ್ಲೇ ಮುಳುಗಿಸಿ ಕೂತಿದ್ದೀನಿ. ನಿರ್ವಾತದಲ್ಲಿ ನೀರೆಳೆದರೆ ಇಳುವರಿ ಏರುತ್ತೆ, ಕಡಿಮೆ ಬಿಸಿಯಲ್ಲೇ ಕೆಲಸ ಆಗುತ್ತೆ ಅಂತ ನನ್ನ ರಿಸರ್ಚ್ ಗೈಡ್ ಹೇಳಿದ್ದರು. ನಾನು ತಲೆಯಾಡಿಸಿದ್ದೆ, ಅಷ್ಟೇ.

"ಅಮ್ಮಾ, ಕೆಂಪಾಗೋಕೆ ಮುಂಚೆ ಸ್ವಲ್ಪ ಇಳಿಸ್ತೀಯಾ?"

"ಹಸೀದನ್ನ ಯಾರೋ ತಿಂತಾರೆ? ಚಟ್ನಿಗೆ ಕಣೋ ಇದು," ಅಂದಳು.

ಸೋಮವಾರ ನಿರ್ವಾತದಲ್ಲಿ ನೀರೆಳೆಯೋ ಯಂತ್ರ, ಅಂದರೆ ರೋಟರಿ ಎವಾಪೊರೇಟರ್ ಹಿಡೀಬೇಕು. ಸೀನಿಯರ್ ಒಬ್ಬರು ತಿಂಗಳಿಂದ ಅದರ ಮುಂದೆಯೇ ಟೆಂಟ್ ಹಾಕಿದ್ದಾರೆ. ಒಂದು ಡಬ್ಬಿ ಕಡಲೆಬೀಜ ಒಯ್ದರೆ ಎದ್ದಾರೇನೋ.