ಉಪ್ಪು ಕೈಕೊಟ್ಟ ಮೂರು ವಾರ: ಹಂದಿಗೂಡಿನ ಲೆಕ್ಕಪುಸ್ತಕದಿಂದ

ಮೂರು ವಾರ ಸೊನ್ನೆಯನ್ನೇ ಎಣಿಸಿದ ಮೇಲೆ ನಿನ್ನೆ ರಾತ್ರಿ, ಹಂದಿಯ ಮಲದಲ್ಲಿನ ಹುಳುಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಲು ಬಳಸುವ ಎರಡು ಕೋಣೆಯ ಮ್ಯಾಕ್‌ಮಾಸ್ಟರ್ ಸ್ಲೈಡಿನಲ್ಲಿ ಜಂತುಹುಳುವಿನ ಮೊಟ್ಟೆಗಳು ಕಂಡವು: ಕಂದುಬಣ್ಣ, ಹಲಸಿನಕಾಯಿಯ ಮೈಯಂತೆ ಉಬ್ಬುತಗ್ಗಾದ ಕವಚ. ಎರಡು ಕೋಣೆಗಳಲ್ಲಿ ಒಟ್ಟು 18. ಈ ವಿಧಾನದ ಲೆಕ್ಕದಂತೆ ಐವತ್ತರಿಂದ ಗುಣಿಸಿದರೆ ಗ್ರಾಂ ಮಲಕ್ಕೆ 900.

ಮೊಟ್ಟೆಗಳು ಇರಲೇಬೇಕೆಂದು ನನಗೆ ಗೊತ್ತಿತ್ತು. ಹನ್ನೆರಡರ ತಂಡದಲ್ಲಿ ಮೊದಲು ಮಾರಿದ ಐದು ಹಂದಿಗಳ ಪೈಕಿ ಮೂರರ ಯಕೃತ್ತಿನ ಮೇಲೆ ಹಾಲು ಚಿಮುಕಿಸಿದಂತಹ ಬಿಳಿ ಮಚ್ಚೆಗಳಿದ್ದವು. ಕಾರವಾರದ ಮಾಂಸದಂಗಡಿಯವನು ಅವನ್ನು ತಕ್ಕಡಿಗೂ ಹಾಕದೆ ಬದಿಗೆಸೆದ. ಮರಿಹುಳುಗಳು ಯಕೃತ್ತನ್ನು ಹಾದು ಶ್ವಾಸಕೋಶಕ್ಕೆ ಹೋಗುವಾಗ ಉಳಿಸುವ ಈ ಕಲೆಗಳು ಐದಾರು ವಾರಗಳಲ್ಲಿ ಮಾಯುವುದರಿಂದ, ಸೋಂಕು ಹಳೆಯದಲ್ಲ, ಗೂಡಿನಲ್ಲಿ ಈಗಲೂ ನಡೆಯುತ್ತಿದೆ ಎಂದಾಯಿತು. ಸೋಂಕು ತಗುಲಿದ ಮೇಲೆ ಮಲದಲ್ಲಿ ಮೊಟ್ಟೆ ಕಾಣಲು 6ರಿಂದ 8 ವಾರ ಬೇಕೆಂಬ ಸಮಾಧಾನವೂ ಇರಲಿಲ್ಲ, ಏಕೆಂದರೆ ಉಳಿದ ಏಳೂ ನಾಲ್ಕು ತಿಂಗಳಿಂದ ಇಲ್ಲೇ ಇವೆ.

ಮೊದಲು ಸ್ಲೈಡಿನ ಮೇಲೆ ಸಂಶಯಪಟ್ಟೆ. ಅದರ ಒಂದು ಕೋಣೆಯ ಗೆರೆಗಳು ಸೊಟ್ಟಗಿದ್ದವು. ಮಾರಿದವರಿಗೆ ಬರೆದರೆ "ಎಣಿಸಲು ಇನ್ನೊಂದು ಕೋಣೆ ಇದೆಯಲ್ಲ" ಎಂಬ ಉತ್ತರ ಬಂತು. ಆದರೆ ನಿಜವಾದ ಅಪರಾಧಿ ನಮ್ಮ ಅಡುಗೆಮನೆಯ ಭರಣಿಯಲ್ಲಿತ್ತು. ಮಲವನ್ನು ಗಾಢ ಉಪ್ಪುನೀರಿನಲ್ಲಿ ಕಲಸಿದಾಗ ಮೊಟ್ಟೆಗಳು ತೇಲಿ ಮೇಲೆ ಬಂದರಷ್ಟೇ ಸ್ಲೈಡಿನಲ್ಲಿ ಎಣಿಸಲು ಸಿಗುತ್ತವೆ. ಲೀಟರ್ ನೀರಿಗೆ 360 ಗ್ರಾಂ ಎಂದು ನಾನು ತೂಗಿ ಹಾಕಿದ ಸಾಣಿಕಟ್ಟಾ ಕಲ್ಲುಪ್ಪು ಆಷಾಢದ ಮಳೆಗೆ ಬೆವೆತು ಕೂತಿತ್ತು, ಅಂದರೆ ನೀರನ್ನೇ ಉಪ್ಪೆಂದು ತೂಗಿದ್ದೆ. ಸಾಲದ್ದಕ್ಕೆ ಹರಳುಗಳು ಪೂರ್ತಿ ಕರಗುವ ಮೊದಲೇ ಮೇಲಿನ ತಿಳಿಯನ್ನು ಬಗ್ಗಿಸಿಕೊಂಡಿದ್ದೆ. ಅನುಮಾನ ಬಂದು 100 ಮಿಲಿ ದ್ರಾವಣವನ್ನು ತೂಗಿದರೆ 120 ಗ್ರಾಂ ಇರಬೇಕಾದದ್ದು 111 ಇತ್ತು. ಜಂತುಹುಳುವಿನ ಮೊಟ್ಟೆಯ ಸಾಂದ್ರತೆಯೂ ಅದರ ಆಸುಪಾಸಿನದೇ ಆಗಿರುವಾಗ ಅದು ತೇಲಿ ಮೇಲೆ ಬರುವುದೆಂತು? ಉಪ್ಪನ್ನು ಬಾಣಲೆಯಲ್ಲಿ ಹುರಿದು, ತಳದಲ್ಲಿ ಕರಗದೆ ಉಳಿಯುವಷ್ಟನ್ನು ಬಿಸಿನೀರಿಗೆ ಸುರಿದು, ಉಪ್ಪಿನಲ್ಲಿದ್ದ ಕೆಂಪು ಮಣ್ಣನ್ನು ಹಳೆಯ ಪಂಚೆಯಲ್ಲಿ ಸೋಸಿದ ಮೇಲೆ ತೂಕ 119ಕ್ಕೆ ಬಂತು. ಅಪ್ಪೆಮಿಡಿಗೆ ಇದಕ್ಕಿಂತ ಒಳ್ಳೆಯ ಉಪ್ಪಿಲ್ಲ, ತಪ್ಪು ನನ್ನದು.

ಈ ತಪ್ಪಿಗೆ ತೆತ್ತದ್ದೆಷ್ಟು? ಬೇಸಿಗೆಯ ತಂಡ ಒಂದು ಕಿಲೋ ಬೆಳೆಯಲು 3 ಕಿಲೋ ಮೇವು ತಿಂದಿತ್ತು, ಈ ತಂಡ 3.3 ಕಿಲೋ ತಿನ್ನುತ್ತಿದೆ. 20 ಕಿಲೋದಿಂದ 90ಕ್ಕೆ ಬೆಳೆಸುವಷ್ಟರಲ್ಲಿ ಹಂದಿಯೊಂದಕ್ಕೆ 21 ಕಿಲೋ ಹೆಚ್ಚು. ಕಿಲೋಗೆ 28 ರೂಪಾಯಿಯಂತೆ ಹನ್ನೆರಡಕ್ಕೆ 7,056 ರೂಪಾಯಿ. ಎಲ್ಲ ಪಾಪವನ್ನೂ ಹುಳುವಿನ ತಲೆಗೆ ಕಟ್ಟಲಾರೆ, ಮಳೆಗಾಲದ ಥಂಡಿಗೂ ಅದರಲ್ಲಿ ಪಾಲಿದೆ. ಆದರೂ ಇಡೀ ತಂಡಕ್ಕೆ ಜಂತುಹುಳುವಿನ ಔಷಧಿ ಫೆನ್‌ಬೆಂಡಜೋಲ್ ಕೊಡಿಸಲು ಇದರ ಹತ್ತರಲ್ಲೊಂದು ಪಾಲೂ ಬೇಕಾಗಿರಲಿಲ್ಲ. ಕಿಲೋ ತೂಕಕ್ಕೆ 5 ಮಿಲಿಗ್ರಾಂ ಲೆಕ್ಕದಲ್ಲಿ ಇಂದು ಬೆಳಿಗ್ಗೆ ತೌಡಿನಲ್ಲಿ ಕಲಸಿ ಕೊಟ್ಟಾಯಿತು. ನೆಲದ ಬಿರುಕುಗಳಲ್ಲಿ ಅಂಟಿರುವ ಮೊಟ್ಟೆಗಳಿಗೆ ಫಿನೈಲ್ ಲೆಕ್ಕಕ್ಕೇ ಇಲ್ಲ, ಅವು ವರ್ಷಗಟ್ಟಲೆ ಬದುಕುತ್ತವೆ; ಅವಕ್ಕೆ ಬಿಸಿಲೋ ಕುದಿಯುವ ನೀರೋ ಬೇಕು, ಬಿಸಿಲಿಗೆ ದೀಪಾವಳಿಯವರೆಗೆ ಕಾಯಬೇಕು.

ಅಷ್ಟರಲ್ಲಿ ಮುಂದಿನ ಕೆಲಸ ಶುರುವಾಗಿದೆ. ಶಿರಸಿಯ ಭಾವ ಅಡಿಕೆ ತೋಟಕ್ಕೆ ಈ ಗೊಬ್ಬರ ಕೇಳುತ್ತಿದ್ದಾರೆ, ಹಸಿಯಾಗಿ ಕೊಟ್ಟರೆ ಹುಳುವನ್ನೂ ಕೊಟ್ಟಂತೆ. ಗೊಬ್ಬರವನ್ನು ರಾಶಿ ಹಾಕಿ ಕೊಳೆಸುವಾಗ ಅದರ ಹೊಟ್ಟೆ ಕೆಲವು ದಿನ 55 ಡಿಗ್ರಿ ದಾಟಿ ನಿಂತರೆ ಮೊಟ್ಟೆಗಳು ಸಾಯುತ್ತವೆ. ದರಕು (ಉದುರಿದ ಒಣ ಎಲೆ) ಬೆರೆಸಿ ಕಟ್ಟಿದ ಮೊದಲ ರಾಶಿ ಇಂದು ಸಂಜೆ 43ರಲ್ಲಿದೆ, ತಾಡಪಾಲಿನ ಒಂದು ಮೂಲೆ ಸೋರುತ್ತಿದೆ.