ಹಗಲು ಮಲಗುವವನ ಫೋನು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ನಾನು ಬಾಯ್ಲರ್ ಆಪರೇಟರ್. ರಾತ್ರಿ 10ಕ್ಕೆ ಹೋದರೆ ಬೆಳಿಗ್ಗೆ 6ಕ್ಕೆ ಬಿಡುಗಡೆ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಬರತೊಡಗಿತೆಂದರೆ ಮಿಲ್ಲು ನಿಲ್ಲುವುದಿಲ್ಲ. ಭತ್ತ ಬೇಯಿಸುವುದಕ್ಕೂ ಒಣಗಿಸುವುದಕ್ಕೂ ಹಬೆ ಹಗಲಿರುಳು ಬೇಕು. ಬಾಯ್ಲರ್ ಮುಂದೆ ಇರುವವನು ಮುಖ್ಯವಾಗಿ ಕಣ್ಣಿಡಬೇಕಾದದ್ದು ಗೇಣುದ್ದದ ಒಂದು ಗಾಜಿನ ಕೊಳವೆಯ ಮೇಲೆ. ಒಳಗೆ ನೀರು ಎಷ್ಟಿದೆ ಎಂದು ಹೇಳುವುದು ಅದೇ.

ಎರಡು ವರ್ಷದ ಹಿಂದೆ, ಬೇಸಿಗೆ ಬೆಳೆಯ ಹಂಗಾಮಿನಲ್ಲಿ, ನಸುಕಿನ ನಾಲ್ಕರ ಹೊತ್ತಿಗೆ ನಾನು ಆ ಗಾಜನ್ನೇ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಉರಿಗೆ ಹೊಟ್ಟು ಹಾಕುವ ಹುಡುಗ ಬಂದು ಭುಜ ಹಿಡಿದು ಅಲುಗಿಸಿದ. "ಅಣ್ಣಾ, ನೀರು!" ಬಾಯ್ಲರ್‌ಗೆ ನೀರು ತುಂಬುವ ಪಂಪು ನಿಂತುಹೋಗಿತ್ತು. ಮಟ್ಟ ಗಾಜಿನ ಕೆಳತುದಿಗೆ ಇಳಿದು ಅಲ್ಲಿ ನಡುಗುತ್ತಿತ್ತು. ಇನ್ನೂ ಕಣ್ಣಿಗೆ ಕಾಣುತ್ತಿದ್ದುದರಿಂದ ಇನ್ನೊಂದು ಪಂಪು ಹಾಕಿ ಮೆಲ್ಲಗೆ ಏರಿಸಿದೆ. ಗಾಜಿನಿಂದ ನೀರು ಪೂರ್ತಿ ಮಾಯವಾಗಿದ್ದರೆ ನೀರು ಬಿಡುವಂತೆಯೇ ಇರಲಿಲ್ಲ. ಕಾದು ಕೆಂಪಾದ ಲೋಹಕ್ಕೆ ನೀರು ತಾಗಿದರೆ ಬಾಯ್ಲರ್ ಸಿಡಿಯಬಹುದು. ಆಗ ಉರಿ ತೆಗೆಯುವುದೊಂದೇ ದಾರಿ. ಅಂದು ಆ ಅಂಗಳದಲ್ಲಿ ಹನ್ನೆರಡು ಜನ ಹಮಾಲರು ಚೀಲಗಳ ಮೇಲೆ ಮಲಗಿದ್ದರು.

ಮನೆಗೆ ಬಂದವನು ಮಲಗಲಿಲ್ಲ. ಹಿಂದಿನ ಹಗಲಿನ ಕರೆಗಳ ಪಟ್ಟಿ ತೆರೆದು ಕುಳಿತೆ. ಎಂಟೂವರೆಗೆ ಸಾಲ ಬೇಕೇ ಎಂದು ಕೇಳಿದ ಹೆಣ್ಣುಮಗಳು. ಹತ್ತಕ್ಕೆ ಮಿಲ್ಲಿನ ವಾಟ್ಸಾಪ್ ಗುಂಪಿನಲ್ಲಿ ಲಾರಿಗಳ ಫೋಟೊ, ಅದರ ಹಿಂದೆಯೇ ಕೈಮುಗಿದ ಚಿತ್ರಗಳ ಸಾಲು. ಹನ್ನೊಂದೂವರೆಗೆ ಹಗಲು ಪಾಳಿಯವರು, ದೊಡ್ಡ ಪಾನಾ (ಸ್ಪ್ಯಾನರ್) ಎಲ್ಲಿಟ್ಟಿದ್ದೀರಿ ಎಂದು. ಒಂದೊಂದೂ ಒಂದೆರಡು ನಿಮಿಷದ ಮಾತು. ಆದರೆ ಏಪ್ರಿಲ್ ತಿಂಗಳ ಹಗಲಿನಲ್ಲಿ, ತಗಡಿನ ಮನೆಯೊಳಗೆ, ಒಮ್ಮೆ ಹರಿದ ನಿದ್ದೆ ಮತ್ತೆ ಹತ್ತಬೇಕಾದರೆ ಅರ್ಧ ಗಂಟೆಯಾದರೂ ಬೇಕು. ಎಂಟು ತಾಸು ಮಲಗಿದ್ದೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ. ಲೆಕ್ಕ ಹಾಕಿದರೆ ಒಂದೇ ಸಮನೆ ಮಲಗಿದ್ದು ಮೂರೂವರೆ ತಾಸೂ ಆಗಿರಲಿಲ್ಲ.

ಮರುದಿನವೇ ಫೋನನ್ನು ಪೂರ್ತಿ ಸೈಲೆಂಟ್ ಮಾಡಿ ದಿಂಬಿನ ಕೆಳಗಿಟ್ಟು ಮಲಗಿದೆ. ಹತ್ತು ದಿನ ಸುಖವಾಗಿ ನಿದ್ದೆ ಮಾಡಿದೆ. ಹನ್ನೊಂದನೆಯ ದಿನ ಊರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಪಕ್ಕದ ಮನೆಯವರು ಏಳು ಸಲ ಫೋನ್ ಮಾಡಿದ್ದಾರೆ. ನಾನು ನೋಡಿದ್ದು ಮೂರು ಗಂಟೆಗೆ. ಅಷ್ಟು ಹೊತ್ತೂ ಅವಳು ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು, ಮಗ ಬರುತ್ತಾನೆ ಎಂದು. ಹೋದಾಗ ಒಂದು ಮಾತೂ ಅನ್ನಲಿಲ್ಲ. "ನಿದ್ದೆ ಆಯಿತೇನಪ್ಪಾ" ಎಂದು ಕೇಳಿದಳು.

ದಾರಿ ತೋರಿಸಿದವನು ಅಕ್ಕನ ಮಗ. ಫೋನಿನಲ್ಲಿ 'ಅಡಚಣೆ ಮಾಡಬೇಡಿ' ಎಂಬುದೊಂದಿದೆ. ಅದಕ್ಕೂ ಸೈಲೆಂಟಿಗೂ ಬಹಳ ಅಂತರ. ಸೈಲೆಂಟ್ ಎಲ್ಲರ ಬಾಯನ್ನೂ ಒಂದೇ ಸಮ ಮುಚ್ಚುತ್ತದೆ. ಇದರಲ್ಲಿ ಯಾರು ನನ್ನನ್ನು ಎಬ್ಬಿಸಬಹುದು ಎಂಬುದನ್ನು ನಾನು ಮೊದಲೇ ತೀರ್ಮಾನಿಸಬಹುದು. ಸಂಪರ್ಕಗಳಲ್ಲಿ ನಕ್ಷತ್ರದ ಗುರುತು ಹಾಕಿದವರ ಕರೆ ಮಾತ್ರ ಸದ್ದು ಮಾಡುವಂತೆ ಇಟ್ಟೆ: ಅವ್ವ, ಹೆಂಡತಿ, ಮಗಳ ಶಾಲೆ. ಬೆಳಿಗ್ಗೆ 7ರಿಂದ ಮಧ್ಯಾಹ್ನ 3ರವರೆಗೆ ತಾನೇ ಶುರುವಾಗಿ ತಾನೇ ಮುಗಿಯುವಂತೆ ವೇಳೆ ಕಟ್ಟಿದೆ. ಅಲಾರಾಂಗೆ ಒಪ್ಪಿಗೆ ಇದೆಯೇ ಎಂದು ಮರೆಯದೆ ನೋಡಬೇಕು. ಅದನ್ನು ತೆಗೆದುಬಿಟ್ಟರೆ ಆ ವೇಳೆಯೊಳಗೆ ಎಬ್ಬಿಸುವ ಅಲಾರಾಂ ಕೂಡ ಸುಮ್ಮನಾಗುತ್ತದೆ. ಒಂದೇ ನಂಬರಿನಿಂದ 15 ನಿಮಿಷದೊಳಗೆ ಎರಡನೇ ಸಲ ಕರೆ ಬಂದರೆ ಅದು ಸದ್ದು ಮಾಡಲು ಬಿಡುವ ಸೌಲಭ್ಯವೂ ಆಂಡ್ರಾಯ್ಡ್‌ನಲ್ಲಿದೆ. ಐಫೋನ್‌ನಲ್ಲಿ ಅದು 3 ನಿಮಿಷ. ಪಕ್ಕದ ಮನೆಯವರಿಗೆ ಇದನ್ನು ಹೇಳಿಟ್ಟಿದ್ದೇನೆ: ತುರ್ತಿದ್ದರೆ ಬೆನ್ನುಬೆನ್ನಿಗೆ ಎರಡು ಸಲ ಮಾಡಿ, ವಾಟ್ಸಾಪ್ ಕರೆ ಬೇಡ, ಸಾದಾ ಕರೆಯೇ ಮಾಡಿ. ಸಾಲದ ಕರೆಗಳ ಕಾಟಕ್ಕೆ ಬೇರೆ ಮದ್ದು: 1909ಕ್ಕೆ ಕರೆ ಮಾಡಿ ಪ್ರಚಾರದ ಕರೆ ಬೇಡವೆಂದು ನೋಂದಾಯಿಸುವುದು.

ಇಷ್ಟಾದರೂ ಅರ್ಧ ಕೆಲಸ ಉಳಿದಿತ್ತು. ಹಗಲು ಪಾಳಿಯವರು ಪಾನಾ ಕೇಳಲು ಫೋನ್ ಮಾಡುತ್ತಿದ್ದುದು ನಾನು ಹೇಳದೆ ಬಂದಿದ್ದಕ್ಕೆ. ಈಗ ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ಫೋನನ್ನು ಕಿಟಕಿಯ ಮೇಲಿಟ್ಟು ಎದುರುಬದುರು ನಿಲ್ಲುತ್ತೇವೆ. ಒತ್ತಡ ಎಷ್ಟಿದೆ, ಯಾವ ಪಂಪು ಸದ್ದು ಮಾಡುತ್ತಿದೆ, ಯಾವ ಸಾಮಾನು ಎಲ್ಲಿದೆ ಎಂದು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಮಾಡುತ್ತೇವೆ. ಆ ಹತ್ತು ನಿಮಿಷದಲ್ಲಿ ಸಾಹುಕಾರರು ಫೋನ್ ಮಾಡಿದರೂ ಎತ್ತುವುದಿಲ್ಲ ಎಂದು ಅವರಿಗೇ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. ಆ ರಾತ್ರಿಯ ಸಂಗತಿ ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಅಂದು ನನ್ನನ್ನು ಎಬ್ಬಿಸಿದ ಹುಡುಗ ಈಗ ನನ್ನ ಕೈಕೆಳಗೆ ಬಾಯ್ಲರ್ ಕೆಲಸ ಕಲಿಯುತ್ತಿದ್ದಾನೆ. ಹೋದ ವಾರ ಅವನ ಫೋನಿಗೂ ಇದನ್ನೆಲ್ಲ ಹಾಕಿಕೊಟ್ಟೆ. ನಕ್ಷತ್ರ ಹಾಕು ಎಂದರೆ ಮೊದಲ ಹೆಸರು ಸಾಹುಕಾರರದೇ ಹಾಕಿದ. ಅದನ್ನು ತೆಗೆಸಿ ಅವನ ಅವ್ವನ ಹೆಸರು ಹಾಕಿಸಿದೆ.