ಮೊದಲ ರೆಸ್ಯೂಮೆ

4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಮುಗಿದು, ಕೇರಳ ನರ್ಸಸ್ ಆ್ಯಂಡ್ ಮಿಡ್‌ವೈವ್ಸ್ ಕೌನ್ಸಿಲ್‌ನ ನೋಂದಣಿಯೂ ಕೈಸೇರಿದ ಮೇಲೆ, ನಿನ್ನೆ ರಾತ್ರಿ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯ ಜಗಲಿಯಲ್ಲಿ ಕುಳಿತು ಮೊದಲ ರೆಸ್ಯೂಮೆ ಸಿದ್ಧಪಡಿಸಿದೆ. ಅನುಭವದ ಕಾಲಂನಲ್ಲಿ ಏನು ಬರೆಯಲಿ ಎಂದು ಬಹಳ ಹೊತ್ತು ಯೋಚಿಸಿ, ಕೊನೆಗೆ ಕ್ಲಿನಿಕಲ್ ಪೋಸ್ಟಿಂಗ್‌ನ ಲಾಗ್‌ಬುಕ್ ತೆರೆದು ಮೆಡಿಕಲ್, ಸರ್ಜಿಕಲ್, ಹೆರಿಗೆ ವಾರ್ಡುಗಳಲ್ಲಿ ಕಲಿತ ಕೆಲಸಗಳನ್ನು ಒಂದೊಂದಾಗಿ ಸೇರಿಸಿದೆ.

ಬಲ್ಲ ಭಾಷೆಗಳ ಸಾಲಿನಲ್ಲಿ ಮಾತ್ರ ಕೈ ತಡೆಯಲಿಲ್ಲ: ಕನ್ನಡ, ಮಲಯಾಳ, ತುಳು, ಇಂಗ್ಲಿಷ್. ರಕ್ತನಾಳಕ್ಕೆ ಔಷಧಿ ಹರಿಸುವ ಸಣ್ಣ ಕೊಳವೆಯಾದ ಕ್ಯಾನುಲಾ ಹಾಕಲು ಹೋದಾಗ ಹೆದರಿ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡಿದ್ದ ಅಜ್ಜಿಯೊಬ್ಬರು, ನಾನು ತುಳುವಿನಲ್ಲಿ ಮಾತನಾಡಿಸಿದ ಮೇಲೆ ತಾವಾಗಿಯೇ ಕೈ ಚಾಚಿದ್ದರು. ಅದನ್ನು ಬರೆಯಲು ರೆಸ್ಯೂಮೆಯಲ್ಲಿ ಜಾಗವಿಲ್ಲ. ಸಂದರ್ಶನದಲ್ಲಿ ಕೇಳಿದರೆ ಖಂಡಿತ ಹೇಳುತ್ತೇನೆ.